ಕಳೆಯುವ ಲೆಕ್ಕ

ಸಾಹಿತ್ಯ ಓದುವ ನಮ್ಮಂಥವರಿಗೆ ಒಂದು ಗುಟ್ಟಿನ ಚಟವಿದೆ. ಪುಸ್ತಕ ಕೈಗೆ ಬಂದರೆ ಮೊದಲು ಬೆನ್ನುಪುಟ ತಿರುಗಿಸಿ ಲೇಖಕರು ಹುಟ್ಟಿದ ಇಸವಿ ನೋಡುತ್ತೇವೆ. ಆಮೇಲೆ ಒಳಗೆ ಮೊದಲ ಮುದ್ರಣದ ಇಸವಿ. ಎರಡನೆಯದರಿಂದ ಮೊದಲನೆಯದನ್ನು ಕಳೆದು, ಉಳಿದ ಸಂಖ್ಯೆಯನ್ನು ನಮ್ಮ ವಯಸ್ಸಿನ ಪಕ್ಕದಲ್ಲಿಟ್ಟು ನೋಡಿ ಸಮಾಧಾನವನ್ನೋ ಸಂಕಟವನ್ನೋ ಪಡುತ್ತೇವೆ. ಯಾರೂ ಹೇಳಿಕೊಳ್ಳುವುದಿಲ್ಲ, ಆದರೆ ಬಹಳ ಮಂದಿ ಮಾಡುತ್ತಾರೆ.

ನನಗೀಗ ೨೮. ಶಿವರಾಮ ಕಾರಂತರು ಹುಟ್ಟಿದ್ದು ೧೯೦೨ರಲ್ಲಿ, ‘ಚೋಮನ ದುಡಿ’ ಬಂದದ್ದು ೧೯೩೩ರಲ್ಲಿ. ಕಳೆದರೆ ೩೧. ಪರವಾಗಿಲ್ಲ, ಇನ್ನೂ ಮೂರು ವರ್ಷ ಇದೆ. ಯು. ಆರ್. ಅನಂತಮೂರ್ತಿ ೧೯೩೨, ‘ಸಂಸ್ಕಾರ’ ೧೯೬೫. ಉಳಿದದ್ದು ೩೩. ಆದರೆ ಇಲ್ಲೊಂದು ಮುಳ್ಳಿದೆ. ಅವರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್.ಡಿ. ಮಾಡುತ್ತಿದ್ದಾಗ. ಡಾಕ್ಟರೇಟ್ ಸಿಕ್ಕಿದ್ದು ಕಾದಂಬರಿ ಬಂದ ಮರುವರ್ಷ. ‘ಥೀಸಿಸ್ ಮುಗಿಯಲಿ, ಆಮೇಲೆ ಕತೆ’ ಎನ್ನುವ ನಮ್ಮ ಹಾಸ್ಟೆಲಿನ ಸಂಶೋಧಕರೆಲ್ಲರ ನೆಪ ಈ ಒಂದು ಉದಾಹರಣೆಗೇ ಉದುರಿ ಬೀಳುತ್ತದೆ. ತ್ರಿವೇಣಿಯವರ ಲೆಕ್ಕವನ್ನಂತೂ ಮಾಡಲೇಬಾರದು. ೧೯೨೮ರಲ್ಲಿ ಹುಟ್ಟಿ, ೩೫ ತುಂಬುವ ಮೊದಲೇ ೧೯೬೩ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಸುಮಾರು ೨೦ ಕಾದಂಬರಿ ಬರೆದಿದ್ದರು. ಅವರಿಗೆ ನಡುವಯಸ್ಸು ಎನ್ನುವುದೇ ಸಿಗಲಿಲ್ಲ.

ನನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ೧೧ ಕತೆಗಳಿವೆ. ಒಂದನ್ನೂ ಎಲ್ಲಿಗೂ ಕಳಿಸಿಲ್ಲ. ಬರುವ ಮಾರ್ಚಿಗೆ ಫೆಲೋಶಿಪ್ ಮುಗಿಯುತ್ತದೆ, ಥೀಸಿಸ್‌ನ ಎರಡು ಅಧ್ಯಾಯ ಬಾಕಿ, ಮನೆಯಲ್ಲಿ ಕೆಲಸದ ಮಾತು, ಮದುವೆಯ ಮಾತು. ಕಳೆದ ಮಳೆಗಾಲದಲ್ಲಿ ಒಂದು ತೀರ್ಮಾನದ ಅಂಚಿಗೆ ಬಂದಿದ್ದೆ: ಕತೆ ಬರೆಯುವುದನ್ನು ಬಿಟ್ಟುಬಿಡುವುದು. ಬೇರೆಯವರ ಕತೆಗಳ ಬಗ್ಗೆ ಬರೆಯುವುದು ಮರ್ಯಾದೆಯ ಕೆಲಸ. ಅದಕ್ಕೆ ಸಂಬಳವೂ ಸಿಗಬಹುದು. ‘ನನ್ನ ಕೈಯಲ್ಲಿ ಆಗುತ್ತದಾ?’ ಎಂದು ಪ್ರತಿ ರಾತ್ರಿ ಕೇಳಿಕೊಳ್ಳುವ ಹಿಂಸೆಯಾದರೂ ತಪ್ಪುತ್ತದೆ.

ಈ ಅನುಮಾನ ಇಪ್ಪತ್ತರ ಹರೆಯದ ಕಾಯಿಲೆ, ವಯಸ್ಸಾದಂತೆ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ನನಗಿತ್ತು. ಆ ನಂಬಿಕೆಯನ್ನು ಕೆಡಿಸಿದವರು ನನ್ನ ಗೈಡ್. ಐವತ್ತು ದಾಟಿದವರು, ಮೂವತ್ತರ ಹೊತ್ತಿಗೆ ಎರಡು ಕವನ ಸಂಕಲನ ತಂದವರು. ಆಮೇಲೆ ಪಾಠ, ಪರೀಕ್ಷೆ, ಅತ್ತೆಯ ಆರೈಕೆ, ವಿಭಾಗದ ಫೈಲುಗಳು. ಒಂದು ದಿನ ನನ್ನ ಅಧ್ಯಾಯ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು ಹೇಳಿದರು: “ನಿನ್ನ ವಯಸ್ಸಲ್ಲಿ ‘ನನ್ನಿಂದ ಆಗ್ತದಾ’ ಅಂತ ಕೇಳ್ಕೊಳ್ತಿದ್ದೆ. ಈಗ ‘ಆದದ್ದು ಇಷ್ಟೇನಾ’ ಅಂತ ಕೇಳ್ಕೊಳ್ತೇನೆ. ಮೊದಲನೇ ಪ್ರಶ್ನೆಗೆ ಬರೆದು ಉತ್ತರ ಕೊಡಬಹುದಿತ್ತು. ಎರಡನೆಯದಕ್ಕೆ ಬರೆದದ್ದೇ ಅಡ್ಡ ಬರ್ತದೆ ಮಾರಾಯ್ತಿ.”

ಅನುಮಾನಕ್ಕೂ ವಯಸ್ಸಾಗುತ್ತದೆ, ಆದರೆ ಅದು ಸಾಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಹಾಗಿದ್ದರೆ ಅದು ಹೋಗಲಿ ಎಂದು ಕಾಯುವುದರಲ್ಲಿ ಅರ್ಥವೇನಿದೆ?

ಆಮೇಲೆ ನನ್ನ ಕಳೆಯುವ ಲೆಕ್ಕವನ್ನು ಬೇರೆ ಕಡೆಯಿಂದ ನೋಡತೊಡಗಿದೆ. ಪಿ. ಲಂಕೇಶ್ ೧೯೩೫ರಲ್ಲಿ ಹುಟ್ಟಿದವರು. ಕತೆ, ಕವಿತೆ, ನಾಟಕ, ಸಿನಿಮಾ ಎಲ್ಲ ಮಾಡಿ ಹೆಸರು ಗಳಿಸಿದ್ದವರು, ಇಂಗ್ಲಿಷ್ ಮೇಷ್ಟ್ರಾಗಿದ್ದವರು. ೧೯೮೦ರಲ್ಲಿ, ೪೫ರ ವಯಸ್ಸಿನಲ್ಲಿ, ಜಾಹೀರಾತು ಬೇಡವೆಂದು ಒಂದು ವಾರಪತ್ರಿಕೆ ಶುರು ಮಾಡಿದರು. ನಡುವಯಸ್ಸಿನಲ್ಲಿ ಮನುಷ್ಯ ಇದ್ದದ್ದನ್ನು ಜೋಪಾನ ಮಾಡಿಕೊಳ್ಳುತ್ತಾನೆ ಎನ್ನುತ್ತೇವೆ. ಅವರು ಹೊಸದೊಂದಕ್ಕೆ ಕೈ ಹಾಕಿದರು, ಅದೂ ವಾರ ವಾರ ತುಂಬಿಸಲೇಬೇಕಾದ ಪುಟಗಳಿಗೆ.

ಆ ಪುಟಗಳಿಗೆ ನಮ್ಮ ಕಡೆಯ ಕಾಸರಗೋಡಿನಲ್ಲಿ ಹುಟ್ಟಿದ ಒಬ್ಬ ಗೃಹಿಣಿ ಬರೆಯತೊಡಗಿದರು. ಸಾರಾ ಅಬೂಬಕ್ಕರ್ ಹುಟ್ಟಿದ್ದು ೧೯೩೬ರಲ್ಲಿ. ಅವರ ಬರಹ ‘ಲಂಕೇಶ್ ಪತ್ರಿಕೆ’ಯಲ್ಲಿ ಮೊದಲು ಬಂದದ್ದು ೧೯೮೧ರಲ್ಲಿ. ಅದೇ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಯಿತು. ಕಳೆದರೆ ೪೫. ನನ್ನ ಲೆಕ್ಕದಲ್ಲಿ ಇದು ‘ತಡ’ ಎನ್ನುವ ಸಾಲಿನಲ್ಲಿತ್ತು. ಆದರೆ ಆ ೪೫ರೊಳಗೆ ಏನಿತ್ತು? ಶಾಲೆ ಮುಗಿದದ್ದೇ ಮದುವೆ, ನಾಲ್ವರು ಗಂಡುಮಕ್ಕಳು, ಮನೆ. ತಲಾಖಿನ ಹೆಸರಿನಲ್ಲಿ ಅಪ್ಪ, ಗಂಡ, ಕಟ್ಟಳೆ ಎಲ್ಲದರ ನಡುವೆ ಸಿಕ್ಕಿಬಿದ್ದ ನಾದಿರಾಳ ಕತೆ ಹುಟ್ಟಿದ್ದು ಆ ಬದುಕಿನ ಒಳಗಿನಿಂದ. ನನ್ನ ಲೆಕ್ಕ ಆ ವರ್ಷಗಳಿಗೆಲ್ಲ ಸೊನ್ನೆ ಹಾಕಿತ್ತು.

ಹಾಗೆಂದು ಆ ವರ್ಷಗಳನ್ನು ‘ತಯಾರಿ’ ಎಂದು ಕರೆದು ಚಂದ ಮಾಡುವುದೂ ನನಗೆ ಇಷ್ಟವಿಲ್ಲ. ಎಷ್ಟೋ ಹೆಂಗಸರಿಗೆ ಬರೆಯುವ ಸಮಯವನ್ನು ಯಾರೂ ಕೊಡಲಿಲ್ಲ, ಅಷ್ಟೇ. ಸಿಗದೇ ಹೋದದ್ದು ಸಿಗದೇ ಹೋದದ್ದೇ. ನನ್ನ ಗೈಡ್ ಬರೆಯದೇ ಉಳಿದ ಮೂರನೇ ಸಂಕಲನಕ್ಕೆ ಯಾವ ಸಮಾಧಾನವೂ ಸಾಲದು. ಎರಡು ಇಸವಿಗಳ ನಡುವೆ ಏನು ನಡೆಯಿತು ಎಂಬುದು ಮಾತ್ರ ಕಳೆಯುವ ಲೆಕ್ಕದಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಪಾಠ ಸಿಕ್ಕಿದ್ದು ಅಮ್ಮನಿಂದ. ಅಮ್ಮನಿಗೆ ೫೧. ಎರಡು ವರ್ಷದ ಹಿಂದೆ ಊರಿನ ಮಹಿಳಾ ತಾಳಮದ್ದಳೆ ತಂಡಕ್ಕೆ ಸೇರಿದರು. ನೋಡದವರಿಗೆ ಹೇಳುವುದಾದರೆ, ತಾಳಮದ್ದಳೆಯೆಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಅದು ಮುಗಿದ ಕೂಡಲೇ ಎದುರುಬದುರು ಕೂತ ಅರ್ಥಧಾರಿಗಳು ಆ ಪಾತ್ರವಾಗಿ ಮಾತಾಡಬೇಕು. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ.

‘ಕೃಷ್ಣ ಸಂಧಾನ’ದಲ್ಲಿ ಅಮ್ಮನಿಗೆ ವಿದುರನ ಪಾತ್ರ ಬಂತು. ಹಾಲಿನ ಸೊಸೈಟಿಯ ಹಳೆಯ ಡೈರಿಯಲ್ಲಿ ತಿಂಗಳುಗಟ್ಟಲೆ ಏನೇನೋ ಬರೆದುಕೊಂಡರು. ಆ ಸಂಜೆ ನಾನೂ ಹೋಗಿದ್ದೆ. ಮನೆಗೆ ಬಂದ ಕೃಷ್ಣನನ್ನು ಬರಮಾಡಿಕೊಳ್ಳುವ ವಿದುರ ಎರಡು ವಾಕ್ಯ ಹೇಳಿ ನಿಂತುಬಿಟ್ಟ. ಡೈರಿ ಚೀಲದಲ್ಲೇ ಇತ್ತು. ಅಮ್ಮನ ಕಿವಿ ಕೆಂಪಾದದ್ದು ನನಗೆ ಹಿಂದಿನ ಸಾಲಿನಿಂದಲೂ ಕಂಡಿತು. ಆಗ ಕೃಷ್ಣನಾಗಿದ್ದ ಟೀಚರ್ ಮೆಲ್ಲಗೆ, “ಏನು ವಿದುರಾ, ಅರಮನೆ ಬಿಟ್ಟು ನಿನ್ನ ಮನೆಗೆ ಬಂದದ್ದು ಭಾರವಾಯಿತೇ?” ಎಂದು ಕೇಳಿದರು. ಅಮ್ಮ ತಲೆ ಎತ್ತಿದರು. ಮುಂದಿನ ಹತ್ತು ನಿಮಿಷ ಅವರು ಆಡಿದ ಮಾತು ಡೈರಿಯಲ್ಲಿ ಇರಲಿಲ್ಲ. ಬಡವರ ಮನೆಗೆ ದೊಡ್ಡವರು ಬಂದಾಗ ಆಗುವ ಸಂತೋಷ, ನಾಚಿಕೆ, ಒಲೆಯ ಮೇಲೆ ಏನಿದೆಯೋ ಎಂಬ ಚಿಂತೆ, ಎಲ್ಲ ಅದರಲ್ಲಿತ್ತು.

ವಾಪಸು ಬರುವಾಗ ಕೇಳಿದೆ: “ಹೆದರಿಕೆ ಆಗ್ಲಿಲ್ವಾ ಅಮ್ಮಾ?”

“ಆಗದೆ ಉಂಟಾ? ಭಾಗವತರು ಪದ ಮುಗಿಸಿ ನನ್ನ ಮುಖ ನೋಡ್ತಾರೆ. ನನಗೆ ಬರ್ತದಾ ಇಲ್ವಾ ಅಂತ ಯೋಚನೆ ಮಾಡ್ಲಿಕ್ಕೆ ಆಗ ಪುರುಸೊತ್ತು ಎಲ್ಲುಂಟು? ಎಂತಾದರೂ ಹೇಳ್ಲೇಬೇಕಲ್ಲ.” ಸ್ವಲ್ಪ ದೂರ ಸುಮ್ಮನೆ ನಡೆದು, “ನಿನಗೆ ಪದ ಹೇಳುವವರು ಯಾರೂ ಇಲ್ಲ. ಅದಕ್ಕೇ ನಿನಗೆ ಹೆದರ್ಲಿಕ್ಕೆ ಅಷ್ಟು ಪುರುಸೊತ್ತು” ಎಂದರು.

ಒಬ್ಬರೇ ಕೂತು ಮಾಡುವ ಕೆಲಸದ ಕಷ್ಟ ಇದೇ ಇರಬೇಕು. ಸರದಿ ಎನ್ನುವುದು ಇರುವುದಿಲ್ಲ. ಯಾರೂ ಮುಖ ನೋಡುವುದಿಲ್ಲ, ಮಾತು ನಿಂತಾಗ ಯಾರೂ ಪ್ರಶ್ನೆ ಕೇಳಿ ಎತ್ತುವುದಿಲ್ಲ. ಆ ಖಾಲಿ ಜಾಗದಲ್ಲಿ ಅನುಮಾನ ಬಂದು ಕೂರುತ್ತದೆ. ಅದನ್ನು ಓಡಿಸುವುದು ನನ್ನಿಂದಾಗದು. ಆದರೆ ಸರದಿಯೊಂದನ್ನು ಕಟ್ಟಿಕೊಳ್ಳಬಹುದು. ಲಂಕೇಶರಿಗೆ ಪ್ರತಿ ವಾರದ ಸಂಚಿಕೆಯಿತ್ತು, ಸಾರಾ ಅವರಿಗೆ ಧಾರಾವಾಹಿಯ ಮುಂದಿನ ಕಂತಿತ್ತು, ಅಮ್ಮನಿಗೆ ಭಾಗವತರಿದ್ದಾರೆ.

ನಾನು ಪಕ್ಕದ ರೂಮಿನ ಗೆಳತಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಅವಳದು ಸಸ್ಯಶಾಸ್ತ್ರ, ಸಾಹಿತ್ಯದ ಗೋಜಿಲ್ಲ. ಪ್ರತಿ ಶುಕ್ರವಾರ ಊಟ ಮುಗಿಸಿ ಅವಳು ಬಾಗಿಲು ತಟ್ಟುತ್ತಾಳೆ. ನಾನು ಎರಡು ಪುಟ ಕೊಡಬೇಕು. ಚೆನ್ನಾಗಿರಬೇಕೆಂಬ ಷರತ್ತಿಲ್ಲ, ಇರಬೇಕು ಅಷ್ಟೇ. ಏಳು ಶುಕ್ರವಾರ ಕಳೆದಿವೆ. ಥೀಸಿಸ್ ಇನ್ನೂ ಮುಗಿದಿಲ್ಲ, ಅನುಮಾನವೂ ಮುಗಿದಿಲ್ಲ. ಮೊನ್ನೆ ಅವಳು ಪುಟ ಓದಿ ಮಡಚಿ, “ಈ ಅಜ್ಜಿಯನ್ನು ಯಾಕೆ ಇಷ್ಟು ಬೇಗ ಸಾಯಿಸಿದೆ? ಅವಳಿಗೆ ಇನ್ನೂ ಏನೋ ಹೇಳ್ಲಿಕ್ಕೆ ಇತ್ತಲ್ಲ” ಎಂದು ಕೇಳಿದಳು. ಇತ್ತು, ನಿಜ. ಈ ವಾರ ಅಜ್ಜಿಯನ್ನು ಎಬ್ಬಿಸಿ ಕೂರಿಸಬೇಕು.