ಟಪಾಲು ವಹಿ

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಮಕ್ಕಳ ಮುಖ ನೋಡಿಯೇ ನಿಜ ಯಾವುದು, ಸುಳ್ಳು ಯಾವುದು ಹೇಳಬಲ್ಲೆನೆಂಬ ಜಂಬ ನನಗಿತ್ತು. ಅದು ಇಳಿದದ್ದು ಕಳೆದ ವರ್ಷ ಜೂನ್ ತಿಂಗಳಲ್ಲಿ.

ನಮ್ಮ ಶಾಲೆಯಲ್ಲಿ ಈಗ ಶುಲ್ಕವೆಲ್ಲ ಕಂಪ್ಯೂಟರಿನಲ್ಲೇ. ಹೆತ್ತವರು ಮೊಬೈಲಿನಲ್ಲಿ ಹಣ ಕಟ್ಟಿದರೆ ಅದು ಕಚೇರಿಯ ಲೆಕ್ಕಕ್ಕೆ ಸೇರಿ, ಅಲ್ಲಿಂದ ಒಂದು ಸಂದೇಶ ಹೊರಟು, ನನ್ನ ತರಗತಿಯ ಪಟ್ಟಿಯಲ್ಲಿ ಗುರುತು ಬೀಳಬೇಕು. ಹೂ ಮಾರುವವರ ಮಗಳೊಬ್ಬಳ ಹೆಸರಿನ ಮುಂದೆ ಗುರುತಿರಲಿಲ್ಲ. "ಅಮ್ಮ ಕಟ್ಟಿದಾರೆ ಮಿಸ್" ಎಂದಳು. "ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದು ಎಲ್ಲರೆದುರು ಗದರಿಬಿಟ್ಟೆ. ಹುಡುಗಿ ತಲೆ ತಗ್ಗಿಸಿ ಕೂತಳು. ನಾಲ್ಕನೆಯ ದಿನ ಗುಮಾಸ್ತರು ಬಂದು, "ಹಣ ಅವತ್ತೇ ಬಂದಿದೆ ಮೇಡಂ, ಸಂದೇಶ ಮಾತ್ರ ನಿಮಗೆ ತಲುಪಿಲ್ಲ" ಎಂದರು.

ಆ ರಾತ್ರಿ ಊಟ ಸೇರಲಿಲ್ಲ. ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಲೆಕ್ಕ ಬರೆಯೋದು ಒಂದು ಕೆಲಸ, ಸಂದೇಶ ಕಳಿಸೋದು ಇನ್ನೊಂದು ಅಮ್ಮಾ. ನಡುವೆ ನೆಟ್‌ವರ್ಕ್ ಹೋದರೆ ಒಂದಾಯ್ತು, ಒಂದಿಲ್ಲ. ಮೊದಲು ಸಂದೇಶ ಕಳಿಸಿ, ಆಮೇಲೆ ಬರೆಯೋದು ತಪ್ಪಿದರೆ ಇನ್ನೂ ಫಜೀತಿ, ಕಟ್ಟದ ಹಣಕ್ಕೆ ರಸೀದಿ ಕೊಟ್ಟ ಹಾಗೆ" ಎಂದಳು.

ಆದರೆ ಎಲ್ಲವೂ ಆಗಲಿ, ಇಲ್ಲದಿದ್ದರೆ ಏನೂ ಬೇಡ ಎಂಬುದಕ್ಕೆ ಅವರು ಟ್ರಾನ್ಸಾಕ್ಷನ್ ಎನ್ನುತ್ತಾರೆ. ಈ ವಿಚಾರವನ್ನು ಗಟ್ಟಿಗೊಳಿಸಿದವರಲ್ಲಿ ಅಮೆರಿಕದ ಜಿಮ್ ಗ್ರೇ ಪ್ರಮುಖರು. 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 1981ರ ತಮ್ಮ ಲೇಖನದಲ್ಲಿ ಅವರು ಕೊಟ್ಟ ಹೋಲಿಕೆ ಯಾವುದು ಗೊತ್ತೆ? ಮದುವೆಯದು! ಇಬ್ಬರೂ ಒಪ್ಪಿದರೆ ಮದುವೆ, ಒಬ್ಬರು ಬೇಡವೆಂದರೂ ಇಲ್ಲ. ಅರ್ಧ ಮದುವೆ ಎಂಬುದುಂಟೆ ಹೇಳಿ?

ಹಾಗಾದರೆ ಸಂದೇಶ ಕಳೆಯದಿರಲು ಏನುಪಾಯ? ಹಣದ ಲೆಕ್ಕ ಬರೆಯುವಾಗಲೇ, ಅದೇ ಟ್ರಾನ್ಸಾಕ್ಷನ್ನಿನಲ್ಲಿ, ಕಳಿಸಬೇಕಾದ ಸಂದೇಶವನ್ನೂ 'ಔಟ್‌ಬಾಕ್ಸ್' ಎಂಬ ಪಟ್ಟಿಯಲ್ಲಿ ಬರೆದಿಡುವುದು. ಬರೆದರೆ ಎರಡೂ, ಇಲ್ಲವಾದರೆ ಎರಡೂ ಇಲ್ಲ. ಆಮೇಲೆ ಬೇರೊಂದು ಪ್ರೋಗ್ರಾಂ ಆ ಪಟ್ಟಿ ನೋಡಿ, ತಲುಪಿತೆಂಬ ಉತ್ತರ ಬರುವವರೆಗೂ ಕಳಿಸುತ್ತಲೇ ಇರುತ್ತದೆ. ಕೇಳಿ ನಗು ಬಂತು. ಇದು ನಮ್ಮ ಹಳೆಯ ಹೆಡ್‌ಮೇಷ್ಟರ ಕಾಲದ ಟಪಾಲು ವಹಿಯಲ್ಲವೆ!

"ಒಂದೇ ಕಾಗದ ಎರಡು ಸಲ ಬಂದರೆ?" ಎಂದೆ. "ಪ್ರತಿ ಸಂದೇಶಕ್ಕೂ ನಂಬರಿದೆ. ಪಡೆದವರು ತಮ್ಮ ಕೆಲಸದ ಜೊತೆಗೇ, ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಆ ನಂಬರನ್ನೂ ಬರೆದಿಡಬೇಕು. ಮತ್ತೆ ಅದೇ ಬಂದರೆ ಸುಮ್ಮನೆ ಪಕ್ಕಕ್ಕಿಡಬೇಕು." ಇದನ್ನೆಲ್ಲ ಪ್ರತಿಸಲ ನೆನಪಿಡುವುದು ಪ್ರೋಗ್ರಾಂ ಬರೆಯುವವರಿಗೂ ಕಷ್ಟ. ಅದಕ್ಕೇ ಕೆಲಸಕ್ಕೆ ಮುನ್ನ ಟ್ರಾನ್ಸಾಕ್ಷನ್ ತೆರೆಯುವುದು, ಸರಿಯಾದರೆ ಮುದ್ರೆ ಒತ್ತುವುದು, ತಪ್ಪಿದರೆ ಮೊದಲಿದ್ದಂತೆ ಅಳಿಸಿಬಿಡುವುದು, ಎಲ್ಲವೂ ತಾನಾಗಿಯೇ ನಡೆಯುವಂತೆ ಏರ್ಪಾಡು ಮಾಡಿರುತ್ತಾರಂತೆ.

ಅಳಿಸಿಬಿಡುವ ಆ ಸೌಲಭ್ಯ ನಮಗೆಲ್ಲಿದೆ? ಆಡಿದ ಮಾತು ಆಡಿದ್ದೇ. ಎಲ್ಲರೆದುರು ಗದರಿದ್ದೆ, ಮರುದಿನ ಎಲ್ಲರೆದುರೇ ತಪ್ಪಾಯಿತೆಂದೆ. "ಪರವಾಗಿಲ್ಲ ಮಿಸ್" ಎಂದಳು ಹುಡುಗಿ, ಆದರೆ ಮುಖ ಎತ್ತಲಿಲ್ಲ. ಮತ್ತೆ ಕೈಯೆತ್ತಿ ಪ್ರಶ್ನೆ ಕೇಳಲು ಅವಳಿಗೆ ದಸರಾ ರಜೆ ಕಳೆಯಬೇಕಾಯಿತು.

ಈಗಲೂ ಪಟ್ಟಿಯಲ್ಲಿ ಒಮ್ಮೊಮ್ಮೆ ಗುರುತು ಬೀಳುವುದಿಲ್ಲ. ಆಗ ಮಗುವನ್ನು ಎಬ್ಬಿಸಿ ನಿಲ್ಲಿಸುವ ಮೊದಲು ನಾನೇ ಎದ್ದು ಕಚೇರಿಗೆ ಹೋಗಿ ಕೇಳಿಬರುತ್ತೇನೆ.