ಧನುರ್ಮಾಸದ ಒಂದು ಬೆಳಗು

ಮಾಗಿಯ ಚಳಿಯೆಂದರೆ ಮಲೆನಾಡಿನವರಿಗೆ ಹೊಸತಲ್ಲ. ಆದರೂ ತೀರ್ಥಹಳ್ಳಿಯ ಸೀಮೆಯಲ್ಲಿ ತುಂಗೆಯ ಮೇಲಿನಿಂದೆದ್ದ ಮಂಜು ಅಡಕೆಯ ತೋಟವನ್ನೆಲ್ಲ ಮುಸುಕಿ, ಅಂಗಳದ ತುಳಸಿಯ ಕಟ್ಟೆಯೂ ಕಾಣದಂತಾಗಿರುವ ಹೊತ್ತಿನಲ್ಲಿ ಹಾಸಿಗೆ ಬಿಟ್ಟೇಳುವುದು ಎಂತಹ ಕಷ್ಟವೆಂಬುದನ್ನು ಎದ್ದವರೇ ಬಲ್ಲರು. ನಮ್ಮ ಹಿರಿಯರಾದರೋ ಈ ಚಳಿಯ ನಡುವೆಯೇ ಒಂದು ತಿಂಗಳ ಪೂಜೆಯನ್ನು ಇರಿಸಿಹೋದರು.

ಸೂರ್ಯನು ಧನುರಾಶಿಯಲ್ಲಿರುವ ಕಾಲವೇ ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಮೊದಲಾಗಿ ಮಕರಸಂಕ್ರಾಂತಿಗೆ ಮುಗಿಯುವುದು. ಮನುಷ್ಯರ ಒಂದು ವರ್ಷವು ದೇವತೆಗಳಿಗೆ ಒಂದು ದಿನ. ದಕ್ಷಿಣಾಯನವು ಅವರ ಇರುಳು, ಉತ್ತರಾಯಣವು ಹಗಲು. ಆದಕಾರಣ ಉತ್ತರಾಯಣಕ್ಕೆ ಮುಂಚಿನ ಈ ತಿಂಗಳು ಅವರಿಗೆ ಬೆಳಗಿನ ಜಾವವೆಂದು ಎಣಿಕೆ. ಶ್ರೀವೈಷ್ಣವರ ದೇವಾಲಯಗಳಲ್ಲಿ ಆಂಡಾಳ್ ದೇವಿಯ ತಿರುಪ್ಪಾವೈಯ ಮೂವತ್ತು ಪಾಶುರಗಳನ್ನು ದಿನಕ್ಕೊಂದರಂತೆ ಅನುಸಂಧಾನ ಮಾಡುವರು. ತಿರುಮಲೆಯಲ್ಲಿ ಈ ತಿಂಗಳು ಸುಪ್ರಭಾತದ ಸ್ಥಾನವನ್ನು ಅದೇ ಪಡೆಯುವುದು. ನಮ್ಮಂತಹವರ ಮನೆಗಳಲ್ಲಿ ಸೂರ್ಯೋದಯಕ್ಕೆ ಮುನ್ನ ಪೂಜೆಯೂ ಹೆಸರುಬೇಳೆಯ ಹುಗ್ಗಿಯ ನೈವೇದ್ಯವೂ ನಡೆದುಬಂದಿವೆ. ಅಕ್ಕಿ ಬೇಳೆ ಸಮಪಾಲು, ಮೇಲೆ ಶುಂಠಿ, ಮೆಣಸು, ಜೀರಿಗೆ, ತುಪ್ಪ. ಚಳಿಗಾಲದ ದೇಹಕ್ಕೆ ಇದಕ್ಕಿಂತ ಹಿತವಾದ ಪ್ರಸಾದ ಬೇರೆ ಬೇಕೆ?

ಗೃಹಸ್ಥಾಶ್ರಮಕ್ಕೆ ಕಾಲಿಟ್ಟ 1989ರಿಂದ ಕಳೆದ ವರುಷದವರೆಗೆ, ಮೂವತ್ತಾರು ಧನುರ್ಮಾಸಗಳಲ್ಲಿ ನಾವು ಒಂದು ದಿನವೂ ಈ ಪೂಜೆಯನ್ನು ತಪ್ಪಿಸಿದವರಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಪೂಜೆ ಮುಗಿಸಿ, ಹುಗ್ಗಿ ಉಂಡು, ಕಿವಿಗೆ ಮಫ್ಲರು ಸುತ್ತಿ, ಸೈಕಲ್ಲು ಹತ್ತಿ ಶಾಲೆಗೆ ಹೋಗುತ್ತಿದ್ದೆವು. ಪ್ರಾರ್ಥನೆಯ ಗಂಟೆಗೆ ತಡವಾಗಿ ಬಂದ ಹುಡುಗರಿಗೆ ನಮ್ಮ ಈ ನಿಯಮವನ್ನೇ ಉದಾಹರಿಸಿ ಬುದ್ಧಿ ಹೇಳಿದುದುಂಟು. ಬಂಧುಗಳ ಮುಂದೆಯೂ ಹೇಳಿದುದುಂಟು. ಅದರಲ್ಲಿ ಭಕ್ತಿ ಎಷ್ಟು, ಹೆಮ್ಮೆ ಎಷ್ಟು ಎಂದು ತೂಗಿ ನೋಡುವ ಪ್ರಸಂಗ ಬಂದಿರಲಿಲ್ಲ. 2025ರ ಡಿಸೆಂಬರಿನಲ್ಲಿ ಬಂದಿತು.

ಮಾಸ ಹಿಡಿದ ನಾಲ್ಕನೆಯ ದಿನವೇ ನಮ್ಮ ಮನೆಯಾಕೆಗೆ ಕೆಮ್ಮು, ಜ್ವರ. 20ನೆಯ ತಾರೀಖು ಶನಿವಾರ ವೈದ್ಯರಿಗೆ ತೋರಿಸಿದೆವು. ಎದೆಯಲ್ಲಿ ಕಫ ಕಟ್ಟಿದೆಯೆಂದೂ, ಹತ್ತು ದಿನ ತಣ್ಣೀರು, ಮಂಜು, ಒದ್ದೆ ಬಟ್ಟೆ ಒಂದೂ ಕೂಡದೆಂದೂ, ಅಲಕ್ಷ್ಯ ಮಾಡಿದರೆ ಶ್ವಾಸಕೋಶಕ್ಕೇ ಅಪಾಯವೆಂದೂ ಅವರು ಖಂಡಿತವಾಗಿ ಹೇಳಿದರು. ಈಗ ಒಂದು ಮಾತನ್ನು ಮುಚ್ಚಿಡದೆ ಬರೆಯಬೇಕಾಗಿದೆ. ಔಷಧದ ಚೀಟಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ನಮ್ಮ ಮನಸ್ಸಿಗೆ ಮೊದಲು ಹೊಳೆದುದು ಆಕೆಯ ಎದೆಯಲ್ಲ, ನಾಳೆಯ ನೈವೇದ್ಯ.

ಭಾನುವಾರ ರಜೆಯಾದುದರಿಂದ ಸೊಸೆ ಮಿಂದು ಹುಗ್ಗಿ ಮಾಡಿದಳು. ಆಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಮಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬಂದುಹೋಗುವನು. ಸೋಮವಾರದ ಏರ್ಪಾಡಿನ ಮಾತನ್ನು ರಾತ್ರಿ ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಹೇಗೋ ಆಗುವುದೆಂದು ಮಲಗಿದೆವು. ಮನೆಯಲ್ಲಿ ಗಂಡಸರು 'ಹೇಗೋ ಆಗುವುದು' ಎಂದರೆ 'ಹೆಂಗಸರು ಮಾಡುವರು' ಎಂದೇ ಅರ್ಥವೆಂಬುದು ನಮಗೆ ಆಗ ತಿಳಿದಿರಲಿಲ್ಲ.

ನಾಲ್ಕೂವರೆಗೆ ಎಚ್ಚರವಾಯಿತು. ಪಕ್ಕದ ಹಾಸಿಗೆ ಬರಿದು. ಹಿತ್ತಿಲ ಕಡೆಯಿಂದ ಕೆಮ್ಮು ಕೇಳಿಸಿತು. ಹೋಗಿ ನೋಡಿದರೆ ಆಕೆ ಬಾವಿಕಟ್ಟೆಯ ಬಳಿ ನಿಂತಿದ್ದಾಳೆ. ರಾತ್ರಿ ಹರವಿದ್ದ ಮಡಿಸೀರೆ ಮಂಜಿಗೆ ಒಣಗಿಲ್ಲ. ಅದನ್ನೇ ಉಡಲು ಕೈಗೆ ತೆಗೆದುಕೊಂಡಿದ್ದಾಳೆ. ಕೊಡದಲ್ಲಿ ಬಾವಿಯ ನೀರು. ಮೈ ನಡುಗುತ್ತಿದೆ. ಧನುರ್ಮಾಸದ ನೈವೇದ್ಯಕ್ಕೆ ಬಾವಿಯ ತಣ್ಣೀರಿನ ಸ್ನಾನವೇ ಆಗಬೇಕೆಂಬುದು ನಮ್ಮ ತಾಯಿಯವರ ಕಾಲದಿಂದ ಮನೆಯ ಕಟ್ಟಳೆ. ನಮಗಾದರೋ ಬಚ್ಚಲ ಹಂಡೆಯಲ್ಲಿ ಅಡಕೆಯ ಸಿಪ್ಪೆಯ ಉರಿಗೆ ಕಾದ ಬಿಸಿನೀರು ಎಂದಿಗೂ ಸಿದ್ಧವಾಗಿರುತ್ತಿತ್ತು.

“ವೈದ್ಯರು ಹೇಳಿದ್ದು ಮರೆಯಿತೇ? ಇದೇನು ಮಾಡುತ್ತಿದ್ದೀಯೆ?” ಎಂದೆವು, ಸ್ವಲ್ಪ ಗಡುಸಾಗಿಯೇ.

“ಸೊಸೆ ಎಂಟಕ್ಕೆ ಹೊರಡಬೇಕು, ಮಗುವಿಗೆ ಪರೀಕ್ಷೆ. ಅವಳೊಬ್ಬಳೇ ಎಷ್ಟೆಂದು ಮಾಡಿಯಾಳು? ಮೂವತ್ತಾರು ವರ್ಷ ಒಂದು ದಿನವೂ ತಪ್ಪಿಲ್ಲವೆಂದು ನೀವೇ ಎಲ್ಲರಿಗೂ ಹೇಳುತ್ತಿರುತ್ತೀರಿ. ನನ್ನ ದೆಸೆಯಿಂದ ತಪ್ಪಿತೆಂದು ಆಗುವುದು ಬೇಡ.”

ಆ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾವು ಉತ್ತರ ಕೊಡುತ್ತಿದ್ದೆವೇನೋ. ಕೊಡವನ್ನು ಕೈಯಿಂದ ತೆಗೆದಿಟ್ಟು, ಶಾಲು ಹೊದಿಸಿ ಒಳಗೆ ಕರೆತಂದೆವು. ಒಲೆಯ ಮುಂದೆ ಕೂರಿಸಿ ಹೇಳಿದೆವು: “ಸ್ನಾನವೆಂದರೆ ನೀರಿನ ಸ್ನಾನವೊಂದೇ ಅಲ್ಲ. ಧರ್ಮಶಾಸ್ತ್ರದವರು ಏಳು ಬಗೆ ಹೇಳಿದ್ದಾರೆ. ಮಂತ್ರದಿಂದ, ಮೃತ್ತಿಕೆಯಿಂದ, ಭಸ್ಮದಿಂದ, ಗೋಧೂಳಿಯಿಂದ, ಬಿಸಿಲುಮಳೆಯಿಂದ, ನೀರಿನಿಂದ. ಕಡೆಯದು ಮಾನಸ, ಭಗವಂತನನ್ನು ನೆನೆಯುವುದೇ ಸ್ನಾನ. ರೋಗಿಗಳಿಗೆ ಇವು ಸಲ್ಲುತ್ತವೆ.”

ಆಕೆ ಸ್ವಲ್ಪ ಹೊತ್ತು ಉರಿಯನ್ನು ನೋಡುತ್ತಿದ್ದು, “ಇದನ್ನು ಮೊದಲು ಎಂದೂ ಹೇಳಲಿಲ್ಲವಲ್ಲ” ಎಂದಳು.

ವಾಚಕ ಮಹಾಶಯರೇ, ಈ ಸಪ್ತಸ್ನಾನಗಳ ವಿಚಾರವನ್ನು ನಾವು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆವೋ ಲೆಕ್ಕವಿಲ್ಲ. ಜ್ವರದಲ್ಲಿಯೂ ಹೆರಿಗೆಯ ನಂತರದ ನಿಶ್ಶಕ್ತಿಯಲ್ಲಿಯೂ ಬಾವಿಕಟ್ಟೆಗೆ ನಡೆದವಳಿಗೆ ಒಂದು ಸಲವೂ ಹೇಳಿರಲಿಲ್ಲ. ಮರೆತುದಲ್ಲ, ಹೇಳುವ ಅಗತ್ಯ ತೋರಿರಲಿಲ್ಲ. ಅಗತ್ಯ ತೋರದಿದ್ದುದೇ ಅಪರಾಧ.

ಆ ದಿನ ನಾವೇ ಅಡಿಗೆಮನೆಗೆ ನಡೆದೆವು. ಹಿತ್ತಾಳೆಯ ತಪ್ಪಲೆ ಎಲ್ಲಿರುವುದೆಂದು ಹುಡುಕುವುದರಲ್ಲಿಯೇ ಕಾಲು ಗಂಟೆ ಕಳೆಯಿತು. ಏಳನೆಯ ತರಗತಿಯ ಮೊಮ್ಮಗ ಕಂಬಳಿ ಹೊದ್ದು ಬಂದು ಬಾಗಿಲಲ್ಲಿ ನಿಂತು, “ಅಜ್ಜ, ಅಜ್ಜಿ ಬೇಳೆಯನ್ನು ಮೊದಲು ಹುರಿಯುತ್ತಾರೆ” ಎಂದು ಪಾಠ ಹೇಳಿದನು. ಸೊಸೆ ಬರಹೋದರೆ, “ನಿನ್ನ ಡಬ್ಬಿ, ಮಗುವಿನ ಡಬ್ಬಿ ನೋಡಿಕೊ ತಾಯಿ, ಇದು ನಮ್ಮ ಪಾಲಿನ ಕೆಲಸ” ಎಂದೆವು. ಅವಳು ನಕ್ಕಳೋ ಗಾಬರಿಯಾದಳೋ ತಿಳಿಯಲಿಲ್ಲ.

ಹುಗ್ಗಿ ತಳ ಹಿಡಿಯಿತು. ಸೂರ್ಯೋದಯ ಆ ದಿನ ಸುಮಾರು 6 ಗಂಟೆ 50 ನಿಮಿಷಕ್ಕೆ. ಬ್ರಾಹ್ಮೀ ಮುಹೂರ್ತವೆಂಬುದು ಅದಕ್ಕೆ 96 ನಿಮಿಷ ಮುಂಚೆ ಹತ್ತಿ 48 ನಿಮಿಷ ಮುಂಚೆ ಕಳೆಯುವಂತಹದು. ನಾವು ಗಂಟೆ ಅಲ್ಲಾಡಿಸುವಾಗ ಅದು ಎಂದೋ ಕಳೆದು, ಮಂಜಿನೊಳಗಿಂದ ಬಿಸಿಲು ತೋಟದ ತಲೆಯನ್ನು ಮುಟ್ಟಿತ್ತು. ಮೂವತ್ತಾರು ವರುಷದ ನಿಯಮ ಮುರಿಯಿತು.

ಮೊಮ್ಮಗನು ನಮಸ್ಕಾರ ಮಾಡಿ ಎದ್ದವನು ಕೇಳಿದನು: “ಅಜ್ಜ, ವರ್ಷದಲ್ಲಿ ಅತಿ ಚಿಕ್ಕ ಹಗಲು ನಿನ್ನೆಯೇ ಆಗಿಹೋಯಿತಂತೆ, ಇಂದಿನಿಂದ ಹಗಲು ಬೆಳೆಯುತ್ತದೆಂದು ನಮ್ಮ ಮಾಸ್ತರು ಹೇಳಿದ್ದಾರೆ. ಹಾಗಾದರೆ ಉತ್ತರಾಯಣ ಇವತ್ತೇ ಬಂತಲ್ಲ? ದೇವರಿಗೆ ಸಂಕ್ರಾಂತಿಯವರೆಗೆ ನಿದ್ದೆ ಏಕೆ?”

ಹುಡುಗನು ಹೇಳಿದುದು ನಿಜವೇ. ಸುಮಾರು ಸಾವಿರದ ಏಳುನೂರು ವರುಷಗಳ ಹಿಂದೆ ಅಯನವೂ ಸಂಕ್ರಮಣವೂ ಕೂಡಿಕೊಂಡಿದ್ದವು. ಅಯನಚಲನೆಯಿಂದ ಈಗ ಅವೆರಡಕ್ಕೂ ಇಪ್ಪತ್ತುನಾಲ್ಕು ದಿನಗಳ ಅಂತರ ಬಿದ್ದಿದೆ. ಸಂಜೆ ಶಾಲೆಯಿಂದ ಬಂದ ಮೇಲೆ ನೆಲದ ಮೇಲೆ ಗೆರೆಯೆಳೆದು ಇದನ್ನು ಅವನಿಗೆ ವಿವರಿಸಿದೆವು. ಆದರೆ ಆ ಬೆಳಗ್ಗೆ ನಮಗೆ ತೋಚಿದುದು ಬೇರೊಂದು. ಇಪ್ಪತ್ತುನಾಲ್ಕು ದಿನಗಳ ವ್ಯತ್ಯಾಸವನ್ನು ಕ್ಷಮಿಸಿ ನಮ್ಮ ಪೂಜೆಯನ್ನು ಕೈಕೊಳ್ಳುತ್ತಿರುವ ದೇವರು, ಒಂದು ಗಂಟೆಯ ತಡವನ್ನು ಕ್ಷಮಿಸದಿರುವನೇ? ನಿಮಿಷಗಳ ಲೆಕ್ಕ ಅವನದಲ್ಲ, ನಮ್ಮದಾಗಿತ್ತು.

ಮೊಮ್ಮಗನು ಬಿಸಿಬಿಸಿ ಹುಗ್ಗಿಯನ್ನು ಊದಿ ಊದಿ ಉಂಡು, ಟೊಪ್ಪಿಗೆ ಮರೆತು, ಮತ್ತೆ ಓಡಿಬಂದು ಎತ್ತಿಕೊಂಡು, ಅಂತೂ ಬಸ್ಸು ಹಿಡಿದನು. ನಾವು ಬಟ್ಟಲನ್ನು ಮನೆಯಾಕೆಯ ಮುಂದಿಟ್ಟೆವು. ಎರಡು ತುತ್ತು ತಿಂದು, “ಉಪ್ಪು ಹಾಕಿಲ್ಲ” ಎಂದಳು. ಸ್ವಲ್ಪ ತಡೆದು, “ಆದರೂ ಪ್ರಸಾದವಷ್ಟೆ” ಎಂದು ಬಟ್ಟಲನ್ನು ಬರಿದು ಮಾಡಿದಳು.

ಆ ರಾತ್ರಿ ಜ್ವರ ಏರಿತು. ಮೂರು ರಾತ್ರಿ ಹಾಸಿಗೆಯ ಬಳಿ ಕುಳಿತು ಆಕೆಯ ಉಸಿರನ್ನು ಎಣಿಸಿದೆವು. ಜಪಸರ ಕೈಯಲ್ಲಿದ್ದರೂ ಎಣಿಕೆ ನಾಮದ್ದೋ ಉಸಿರಿನದ್ದೋ ಎಂಬುದು ತಿಳಿಯದಾಗಿತ್ತು. ಆಗ ಇನ್ನೊಂದು ಲೆಕ್ಕವೂ ಮನಸ್ಸಿಗೆ ಬಂದಿತು. ವರುಷಕ್ಕೆ ಮೂವತ್ತರಂತೆ ಮೂವತ್ತಾರು ವರುಷಕ್ಕೆ 1,080 ಬೆಳಗುಗಳು. ಪ್ರತಿ ಬೆಳಗ್ಗೆ ಆಕೆ ನಮಗಿಂತ ಒಂದು ಗಂಟೆಯಾದರೂ ಮುಂಚೆ ಎದ್ದಿರಬೇಕು. ಕೂಡಿಸಿದರೆ ನಲವತ್ತೈದು ಹಗಲಿರುಳು. ಒಂದು ಮಂಡಲಕ್ಕೆ ಮೂರೇ ದಿನ ಕಡಮೆ. ನಾವು ನಮ್ಮದೆಂದು ಹೇಳಿಕೊಂಡು ತಿರುಗಿದ ವ್ರತವನ್ನು ತಣ್ಣೀರಿನಲ್ಲಿ ನಿಂತು ಆಚರಿಸಿದವಳು ಬೇರೊಬ್ಬಳು. ಸಹಧರ್ಮಿಣಿಯೆಂಬ ಪದಕ್ಕೆ ವಿಗ್ರಹವಾಕ್ಯವನ್ನು ಹೇಳಬಲ್ಲವರು ನಾವು. ಅದರ ಮೊದಲ ಎರಡಕ್ಷರದ ಅರ್ಥ ಅರವತ್ತನೆಯ ವಯಸ್ಸಿಗೆ ತಿಳಿಯಿತು.

ದೇವರ ದಯೆ, ವೈದ್ಯರ ಶ್ರದ್ಧೆ. ನಾಲ್ಕನೆಯ ದಿನ ಜ್ವರ ಇಳಿಯಿತು. ಮಾಸದ ಉಳಿದ ದಿನಗಳ ಹುಗ್ಗಿ ನಮ್ಮ ಕೈಯದೇ. ಒಮ್ಮೊಮ್ಮೆ ಸೂರ್ಯನಿಗಿಂತ ಮೊದಲು, ಒಮ್ಮೊಮ್ಮೆ ಅವನ ಹಿಂದೆ. ಸಂಕ್ರಾಂತಿಯ ಹೊತ್ತಿಗೆ ಆಕೆ ಅಂಗಳದ ಬಿಸಿಲಿನಲ್ಲಿ ಕುಳಿತು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು. ಮುಂದಿನ ಧನುರ್ಮಾಸಕ್ಕೆ ನಮ್ಮ ಮನೆಯ ಕಟ್ಟಳೆ ಒಂದೇ: ಹಂಡೆಯ ಬಿಸಿನೀರು ಮೊದಲು ಆಕೆಗೆ. ಉಪ್ಪನ್ನು ಮಾತ್ರ ಈಗಲೂ ಆಕೆಯನ್ನು ಕೇಳಿಯೇ ಹಾಕುತ್ತೇವೆ.