ಉಪ್ಪರಿಗೆಯ ಹಲಗೆಗಳು

ಕಾರ್ಕಳದ ಸಮೀಪವಿರುವ ನಮ್ಮ ಹಳೆಯ ಮನೆಯ ಉಪ್ಪರಿಗೆಗೆ ಹೆಬ್ಬಲಸಿನ ಹಲಗೆಗಳನ್ನು ಹಾಸಿದೆ. ಅಜ್ಜನ ಕಾಲದ ಹಾಸು. ಅನೇಕ ವರ್ಷ ಬೀಗ ಹಾಕಿದ್ದ ಆ ಕೋಣೆಯನ್ನು ಕಳೆದ ವರ್ಷ ಮಳೆ ನಿಂತ ಮೇಲೆ ತೆರೆದಾಗ, ಎಂದೋ ಬಳಿದಿದ್ದ ವಾರ್ನಿಷು ಕಪ್ಪಾಗಿ ಹಪ್ಪಳದಂತೆ ಎದ್ದಿತ್ತು. ಹಲಗೆಗಳು ಮಾತ್ರ ಗಟ್ಟಿಯಾಗಿದ್ದವು. ಉಜ್ಜಿ ಎಣ್ಣೆ ಕೊಟ್ಟರೆ ಸಾಕೆಂದು ನಿಶ್ಚಯಿಸಿದೆವು. ಆದರೆ ಯಾವುದರಿಂದ ಉಜ್ಜುವುದು? ಇಷ್ಟು ಸಣ್ಣ ಪ್ರಶ್ನೆ ನನ್ನನ್ನು ಇಷ್ಟು ಕಾಡೀತೆಂದು ಎಣಿಸಿರಲಿಲ್ಲ.

ಬೆಂಗಳೂರಿನಲ್ಲಿರುವ ತಮ್ಮ ಡ್ರಮ್ ಸ್ಯಾಂಡರನ್ನು ಬಾಡಿಗೆಗೆ ತರೋಣವೆಂದ. ಉಪ್ಪುಕಾಗದ ಸುತ್ತಿದ ಉರುಳೆ ನೆಲದ ಮೇಲೆ ತಿರುಗುವ, ನಿಂತು ನಡೆಸುವ ಭಾರವಾದ ಯಂತ್ರವದು. "ಎರಡು ದಿನದ ಕೆಲಸ, ಅಣ್ಣ" ಎಂದ. ನಮ್ಮ ವೃದ್ಧ ಆಚಾರ್ಯರಿಗೆ ಅದು ಹಿಡಿಸಲಿಲ್ಲ. ಉಕ್ಕಿನ ತಗಡಿನಿಂದಲೋ ಒಡೆದ ಗಾಜಿನ ಅಂಚಿನಿಂದಲೋ ಕೆರೆಯುವುದು ಅವರ ಪದ್ಧತಿ. ಅದು ಒಂದು ತಿಂಗಳ ದುಡಿಮೆ, ಮೊಣಕಾಲೂರಿ ಮಾಡಬೇಕಾದದ್ದು.

ನಾನು ನಡುವಿನ ದಾರಿ ಹಿಡಿಯಲು ಹೋಗಿ ಪರಿಚಯದವರಿಂದ ಕೈಯಲ್ಲಿ ಹಿಡಿಯುವ ಬೆಲ್ಟ್ ಸ್ಯಾಂಡರೊಂದನ್ನು ತಂದೆ. ಮೂಲೆಯಲ್ಲಿ ನಾನೇ ಪರೀಕ್ಷಿಸಿದೆ. ಕೆಳಗಿನಿಂದ ಯಾರೋ ಕರೆದರು, ತಿರುಗಿ ನೋಡಿದೆ. ಯಂತ್ರ ನಿಂತಲ್ಲೇ ತಿರುಗಿತು. ಹಲಗೆಯಲ್ಲಿ ಬೆರಳು ಹುದುಗುವಷ್ಟು ಹಳ್ಳ! ಚಲನೆ ತಡೆದ ಕ್ಷಣದಲ್ಲೇ ಕೊರೆಯುವುದು ಉರುಳೆಯ ಯಂತ್ರಕ್ಕೂ ಇರುವ ದೋಷ. ಆಚಾರ್ಯರು ಏನೂ ಹೇಳಲಿಲ್ಲ. ಅದೇ ಹೆಚ್ಚು ನೋಯಿಸಿತು.

ಕಿಟಕಿಯ ಬಳಿಯ ಎರಡು ಹಲಗೆಗಳು ನಡುವೆ ತಗ್ಗಾಗಿವೆ. ಅಜ್ಜಿ ಅಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಉರುಳೆಯ ಯಂತ್ರ ನೆಲವನ್ನು ಸಮತಟ್ಟು ಮಾಡುತ್ತದೆ. ಆ ತಗ್ಗಿನ ವಾರ್ನಿಷು ಹೋಗಬೇಕಾದರೆ ಸುತ್ತಲಿನ ಮರವೆಲ್ಲ ಅಷ್ಟೇ ಸವೆಯಬೇಕು. ಒಮ್ಮೆ ತೆಗೆದ ಮರ ಮರಳಿ ಬಾರದು. ಕೊನೆಗೆ ಆರಿಸಿದ್ದು ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಅದರ 125 ಮಿಲಿಮೀಟರ್ ಬಿಲ್ಲೆ ತಿರುಗುತ್ತಲೇ ಓಲಾಡುವುದರಿಂದ ಗೀರುಗಳು ಒಂದೇ ದಿಕ್ಕಿಗೆ ಬೀಳುವುದಿಲ್ಲ. ಮೆತ್ತನೆಯ ತಳ ಹಾಕಿದರೆ ತಗ್ಗನ್ನೂ ಅನುಸರಿಸುತ್ತದೆ. ನಿಧಾನವೇನೋ ಹೌದು. ಮೊದಲು ಮೊಳೆಗಳ ತಲೆಯನ್ನು ಒಳಕ್ಕೆ ಬಡಿದು, 60ರ ಕಾಗದದಿಂದ ಆರಂಭಿಸಿ 80, ಬಳಿಕ 120. ಸಂಖ್ಯೆ ಏರಿದಂತೆ ನುಣುಪು. ನಡುವಿನದನ್ನು ಬಿಟ್ಟರೆ ಒರಟು ಗೀರುಗಳು ಎಣ್ಣೆ ಹಚ್ಚಿದಾಗ ಎದ್ದು ಕಾಣುತ್ತವೆ. ಸಂದುಗಳಲ್ಲಿ ಮೊಟ್ಟೆ ಹೊತ್ತು ಸಾಗುತ್ತಿದ್ದ ಇರುವೆಗಳಿಗಾಗಿ ಎರಡು ದಿನ ಕಾದೆವು. ತಮ್ಮ ನಕ್ಕನು; ನಗಲಿ.

ಇರುವೆಗೆ ಕಾದವನು ಮನುಷ್ಯನನ್ನು ಮರೆತಿದ್ದೆ. ಧೂಳು ಹೀರುವ ಯಂತ್ರಕ್ಕೆ ಸ್ಯಾಂಡರಿಗಿಂತ ಹೆಚ್ಚು ಬೆಲೆಯೆಂದು ಅದನ್ನು ಕೊಂಡಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡರಾಯಿತೆಂದು ಸಮಾಧಾನ ಹೇಳಿಕೊಂಡಿದ್ದೆ. ಮೊದಲ ದಿನ ಸಂಜೆ ಆಚಾರ್ಯರು ಇಳಿದು ಬಂದಾಗ ರೆಪ್ಪೆಗಳೆಲ್ಲ ಹಳದಿ. ಬಟ್ಟೆಯ ಒಳಬದಿಯೂ ಹಳದಿ. ಕೆಮ್ಮುತ್ತ, "ಅಭ್ಯಾಸವಾಗಿದೆ, ಧನಿ" ಎಂದರು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗದಲ್ಲಿ. ಇದನ್ನು ನಾನು ಮೊದಲೇ ಓದಿದ್ದೆ. ನನ್ನ ಹಲಗೆ ಎಷ್ಟು ಸವೆಯುವುದೆಂದು ಲೆಕ್ಕ ಹಾಕಿದವನು ಅವರ ಶ್ವಾಸವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನ ಕೆಲಸ ನಿಲ್ಲಿಸಿ, ಮಂಗಳೂರಿಗೆ ಹೋಗಿ ಧೂಳು ಹೀರುವ ಯಂತ್ರವನ್ನೂ ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸನ್ನೂ ತಂದೆ. ನಿಂತ ದಿನದ ಕೂಲಿಯನ್ನು ಅವರು ಬೇಡವೆಂದರು, ಒತ್ತಾಯಿಸಿ ಕೊಟ್ಟೆ.

ನೆಲ ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಅಜ್ಜಿಯ ತಗ್ಗು ಉಳಿದಿದೆ. ಮೂಲೆಯಲ್ಲಿ ನನ್ನ ಹಳ್ಳವೂ ಉಳಿದಿದೆ, ಅದನ್ನು ಮುಚ್ಚಿಸಲಿಲ್ಲ. ಮುಖಗವಸನ್ನು ಮನೆಗೆ ಒಯ್ಯಿರೆಂದು ಆಚಾರ್ಯರಿಗೆ ಹೇಳಿದೆ. ಅದರ ಸೋಸುವ ಪದರವನ್ನು ಆಗಾಗ ಬದಲಿಸಬೇಕಲ್ಲವೇ ಎಂದು ಅವರು ಕೇಳಿದರು. ಹೌದೆಂದೆ. ಅದನ್ನು ತಿರುಗಿಸಿ ನೋಡಿ, "ಮುಂದಿನ ಮನೆಯವರು ತಂದುಕೊಟ್ಟಾರೇ?" ಎಂದು ಕೇಳಿ, ಚೀಲದೊಳಗೆ ಇಟ್ಟುಕೊಂಡರು.